0.7 ಲೀಟರ್ ಹಾಲು 6 ಅಳತೆಯಾದಾಗ: ಕಂಪೈಲರ್ ಆಪ್ಟಿಮೈಸೇಶನ್‌ನಿಂದ ತಪ್ಪುವ ದಶಮಾಂಶ ಲೆಕ್ಕವನ್ನು ಹಿಡಿಯುವ ಬಗೆ

ಕೋಲಾರ, ಮಾಲೂರು, ಚಿಂತಾಮಣಿ ಕಡೆಯ ಯಾವ ಹಳ್ಳಿಗೆ ಬೆಳಗ್ಗೆ ಹೋದರೂ ಡೈರಿ ಮುಂದೆ ಕ್ಯಾನು ಹಿಡಿದವರ ಸಾಲು ಕಾಣುತ್ತದೆ. ಹಾಲಿನ ಅಳತೆ, ಫ್ಯಾಟು, ಡಿಗ್ರಿ ಎಲ್ಲವನ್ನೂ ಯಂತ್ರ ಓದಿ ಕಂಪ್ಯೂಟರಿಗೆ ಕಳಿಸುತ್ತದೆ, ಚೀಟಿ ಅಚ್ಚಾಗಿ ಕೈಗೆ ಬರುತ್ತದೆ. ಅಂಥದ್ದೊಂದು ಡೈರಿಗೆ ನೀವು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಬ್ಬರು 0.7 ಲೀಟರ್ ಹಾಕಿದ್ದಾರೆ. ಅದನ್ನು 100 ಮಿಲೀ ಅಳತೆಗೆ ತರಲು ಪ್ರೋಗ್ರಾಂ ಹತ್ತರಿಂದ ಗುಣಿಸುತ್ತದೆ, ಬಂದದ್ದನ್ನು ಪಿ ಎಂಬ ಡಬಲ್‌ನಲ್ಲಿ (ದಶಮಾಂಶ ಸಂಖ್ಯೆ ಹಿಡಿಯುವ ವೇರಿಯಬಲ್) ಇಡುತ್ತದೆ, ಆಮೇಲೆ ಪೂರ್ಣಾಂಕ ಮಾಡುತ್ತದೆ:

ಡಬಲ್ ಪಿ = ಲೀ * 10.0;
ಇಂಟ್ ಎನ್ = (ಇಂಟ್)ಪಿ;

ನಿಮ್ಮ 64 ಬಿಟ್ ಲ್ಯಾಪ್‌ಟಾಪಿನಲ್ಲಿ ಎನ್ 7 ಆಗುತ್ತದೆ. ಹಳೇ 32 ಬಿಟ್ ಲಿನಕ್ಸ್ ಪಿಸಿಯಲ್ಲಿ ಆಪ್ಟಿಮೈಸೇಶನ್ ಇಲ್ಲದೆ (-ಓ0), ಅಂದರೆ ವೇಗಕ್ಕಾಗಿ ಕಂಪೈಲರ್ ಕೋಡನ್ನು ಮಾರ್ಪಡಿಸದಂತೆ, ಕಂಪೈಲ್ ಮಾಡಿದರೆ ಅಲ್ಲೂ 7. ಅದೇ ಪಿಸಿಯಲ್ಲಿ ಆಪ್ಟಿಮೈಸೇಶನ್ ಆಯ್ಕೆ -ಓ2 ಕೊಟ್ಟು ಕಂಪೈಲ್ ಮಾಡಿದರೆ 6 ಬರಬಹುದು. ಕೋಡ್ ಒಂದಕ್ಷರ ಬದಲಾಗಿಲ್ಲ, ಆದರೂ ಹಾಲು ಹಾಕಿದವರ ಲೆಕ್ಕದಲ್ಲಿ 100 ಮಿಲೀ ಹೋಯಿತು. ತಿಂಗಳ ಬಟವಾಡೆಯಲ್ಲಿ ಇದು ಯಾರಿಗೂ ಸುಲಭವಾಗಿ ಕಾಣುವುದಿಲ್ಲ. ಅದಕ್ಕೇ ಈ ಜಾತಿಯ ತಪ್ಪನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಒಂದು ಸೂಚನೆ. ಈ ಲೇಖನದಲ್ಲಿ ಕಂಪೈಲರ್ ಆಯ್ಕೆಗಳನ್ನೂ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. -ಓ2, -ಓಫಾಸ್ಟ್ ಇವುಗಳಲ್ಲಿನ ಓ ದೊಡ್ಡಕ್ಷರ.

ಮೊದಲು 0.7 ಅನ್ನು ಬಿಡಿಸಿ ನೋಡೋಣ

ಐಇಇಇ 754 ಮಾನದಂಡ (1985) ಹೇಳುವ ಡಬಲ್‌ಗೆ 64 ಬಿಟ್. ಚಿಹ್ನೆಗೆ 1, ಘಾತಕ್ಕೆ 11, ಉಳಿದ 52 ಅಂಕಿಗಳಿಗೆ. ಬರೆಯದೇ ಇರುವ ಮೊದಲ 1 ಸೇರಿದರೆ 53 ಬಿಟ್ ನಿಖರತೆ. ಮೂರರಲ್ಲೊಂದು ಭಾಗವನ್ನು ದಶಮಾಂಶದಲ್ಲಿ ಬರೆದರೆ 0.333 ಎಂದು ಮುಗಿಯದೆ ಹೋಗುತ್ತದಲ್ಲ, ಬೈನರಿಯಲ್ಲಿ 0.7 ಕೂಡ ಹಾಗೆಯೇ. 53 ಬಿಟ್‌ಗೆ ಕತ್ತರಿಸಿದಾಗ ಮೆಮೊರಿಯಲ್ಲಿ ಉಳಿಯುವುದು 0.69999999999999995559.

ಇದನ್ನು ಹತ್ತರಿಂದ ಗುಣಿಸಿದರೆ ನಿಜವಾದ ಉತ್ತರ 6.9999999999999995559. ಆದರೆ 4ರಿಂದ 8ರ ನಡುವೆ ಒಂದು ಡಬಲ್‌ಗೂ ಮುಂದಿನದಕ್ಕೂ 8.88 × 10⁻¹⁶ ಅಂತರವಿದೆ. ನಮ್ಮ ಗುಣಲಬ್ಧ 7ಕ್ಕೂ ಅದರ ಕೆಳಗಿನ ಡಬಲ್‌ಗೂ ಸರಿಯಾಗಿ ನಡುಮಧ್ಯದಲ್ಲಿ ಬೀಳುತ್ತದೆ. ನಡುಮಧ್ಯ ಬಿದ್ದರೆ ಕೊನೆಯ ಬಿಟ್ ಸಮವಾಗಿರುವ ಕಡೆಗೆ ಹೋಗಬೇಕೆಂಬುದು ನಿಯಮ. ಆ ನಿಯಮದಂತೆ 7 ಬರುತ್ತದೆ.

ಅಂದರೆ ಆ 7 ಬಂದದ್ದು ಗುಣಾಕಾರದಿಂದಲ್ಲ, ಗುಣಾಕಾರದ ನಂತರ ಆದ ರೌಂಡಿಂಗ್‌ನಿಂದ. ಆ ರೌಂಡಿಂಗ್ ತಡವಾದರೆ, ತಪ್ಪಿಹೋದರೆ, ಅಥವಾ ಹೊಸದೊಂದು ಸೇರಿಕೊಂಡರೆ ಉತ್ತರ ಬದಲಾಗುತ್ತದೆ. ಮುಂದೆ ಬರುವ ಬಹುತೇಕ ತೊಂದರೆಗಳ ಮೂಲ ಇದೇ. ತಪ್ಪು ಹುಡುಕುವಾಗ “ಕಂಪೈಲರ್ ಕೆಟ್ಟಿದೆ” ಎನ್ನುವ ಮೊದಲು “ಈ ಸಾಲಿನಲ್ಲಿ ರೌಂಡಿಂಗ್ ಎಲ್ಲಿ ಆಗಬೇಕಿತ್ತು, ಎಲ್ಲಿ ಆಯಿತು” ಎಂದು ಕೇಳಿಕೊಳ್ಳಿ.

ಕಂಪೈಲರ್ ಕೈಹಾಕುವ ಜಾಗಗಳು

ಮೊದಲನೆಯದು ಎಕ್ಸ್87, ಅಂದರೆ ಹಳೇ ಪಿಸಿ ಪ್ರೊಸೆಸರ್‌ಗಳಲ್ಲಿ ದಶಮಾಂಶ ಲೆಕ್ಕ ಮಾಡುವ ಭಾಗ. ಇಂಟೆಲ್ 1980ರಲ್ಲಿ ತಂದ 8087 ಚಿಪ್ಪಿನ ವಂಶದ್ದು. ಇದರ ರಿಜಿಸ್ಟರ್‌ಗಳು 80 ಬಿಟ್‌ನವು, 64 ಬಿಟ್ ನಿಖರತೆ. 6.99999999999999955 ಅಲ್ಲಿ ರೌಂಡ್ ಆಗದೆ ಹಾಗೇ ಕೂರುತ್ತದೆ. -ಓ0ಯಲ್ಲಿ ಕಂಪೈಲರ್ ಪಿ ಅನ್ನು ಮೆಮೊರಿಗೆ ಬರೆದು ಮತ್ತೆ ಓದುತ್ತದೆ. ಬರೆಯುವಾಗ 64 ಬಿಟ್‌ಗೆ ರೌಂಡ್ ಆಗಿ 7 ಆಗುತ್ತದೆ. -ಓ2ನಲ್ಲಿ ಮೆಮೊರಿಗೆ ಹೋಗಿಬರುವುದು ದಂಡವೆಂದು ರಿಜಿಸ್ಟರ್‌ನಿಂದ ನೇರವಾಗಿ ಪೂರ್ಣಾಂಕ ಮಾಡುತ್ತದೆ. ದಶಮಾಂಶದ ನಂತರದ್ದನ್ನು ಕತ್ತರಿಸಿದರೆ 6. ಜಿಸಿಸಿ ಎಂಬ ಕಂಪೈಲರ್‌ನ ದೋಷಗಳನ್ನು ದಾಖಲಿಸುವ ಬಗ್‌ಜಿಲ್ಲಾದಲ್ಲಿ 2000ನೇ ಇಸವಿಯಲ್ಲಿ ದಾಖಲಾದ 323ನೇ ಬಗ್ ಇದೇ ವಿಷಯದ್ದು. ಅದಕ್ಕೆ ಬಂದು ಸೇರಿದ ನಕಲು ದೂರುಗಳಿಗೆ ಲೆಕ್ಕವಿಲ್ಲ.

ಇದರಿಂದ ಆದ ದೊಡ್ಡ ಅವಾಂತರವೂ ಒಂದಿದೆ. 2011ರ ಜನವರಿಯಲ್ಲಿ, 32 ಬಿಟ್ ಪಿಎಚ್‌ಪಿಗೆ 2.2250738585072011 × 10⁻³⁰⁸ ಎಂಬ ಸಂಖ್ಯೆಯನ್ನು ಅಕ್ಷರರೂಪದಲ್ಲಿ ಕೊಟ್ಟರೆ ಅದು ಮುಗಿಯದ ಲೂಪಿಗೆ ಬೀಳುತ್ತದೆ ಎಂಬುದು ಬಯಲಾಯಿತು. ಮೆಮೊರಿಯಲ್ಲಿ ಆಗಬೇಕಿದ್ದ ರೌಂಡಿಂಗ್ ರಿಜಿಸ್ಟರ್‌ನಲ್ಲಿ ಆಗದೆ ಲೂಪ್ ನಿಲ್ಲುವ ಹಂತಕ್ಕೆ ಬರಲೇ ಇಲ್ಲ. ಒಂದು ವೇರಿಯಬಲ್‌ಗೆ ವೊಲಟೈಲ್ (ಪ್ರತಿ ಸಲ ಮೆಮೊರಿಗೇ ಹೋಗಿಬರಬೇಕು ಎನ್ನುವ ಪದ) ಸೇರಿಸಿ ಅದನ್ನು ಸರಿಪಡಿಸಿದರು. 64 ಬಿಟ್ ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು) ಕಂಪೈಲರ್‌ಗಳು ಡಬಲ್ ಲೆಕ್ಕವನ್ನು 64 ಬಿಟ್‌ನಲ್ಲೇ ಮಾಡುವ ಎಸ್‌ಎಸ್‌ಇ2 ಸೂಚನೆಗಳನ್ನು ಬಳಸುವುದರಿಂದ ಈ ತಾಪತ್ರಯವಿಲ್ಲ. ಆದರೆ ಹಳೇ ಪಿಸಿಗಳು ಇನ್ನೂ ಎಷ್ಟೋ ಕಡೆ ಕೆಲಸ ಮಾಡುತ್ತಿವೆ.

ಎರಡನೆಯದು ಎಫ್‌ಎಂಎ, ಅಂದರೆ ಗುಣಿಸಿ ಕೂಡುವುದನ್ನು ಒಂದೇ ಸೂಚನೆಯಲ್ಲಿ ಮಾಡುವುದು. ಎರಡು ರೌಂಡಿಂಗ್ ಇದ್ದಲ್ಲಿ ಒಂದೇ ಆಗುತ್ತದೆ. ನಿಖರತೆ ಹೆಚ್ಚುತ್ತದೆ, ಆದರೂ ಲೆಕ್ಕ ತಪ್ಪಬಹುದು! 0.7 ಲೀಟರ್‌ನಲ್ಲಿ 7 ಅಳತೆ ತೆಗೆದ ಮೇಲೆ ಉಳಿದದ್ದೆಷ್ಟು ಎಂದು ಲೀ * 10.0 - 7.0 ಎಂದು ಬರೆದಿದ್ದೀರಿ. ಬಿಡಿಬಿಡಿಯಾಗಿ ಮಾಡಿದರೆ 7 - 7, ಅಂದರೆ 0. ಎಫ್‌ಎಂಎಯಲ್ಲಿ ಗುಣಲಬ್ಧ ರೌಂಡ್ ಆಗದೇ ಕಳೆಯುವುದರಿಂದ -4.44 × 10⁻¹⁶ ಉಳಿಯುತ್ತದೆ. “ಉಳಿಕೆ 0ಗಿಂತ ಕಡಿಮೆಯಾದರೆ ದೋಷ” ಎಂಬ ಪರೀಕ್ಷೆ ಮುಂದಿನ ಸಾಲಿನಲ್ಲಿದ್ದರೆ ಚೀಟಿಯ ಬದಲು ದೋಷದ ಸಂದೇಶ ಬರುತ್ತದೆ.

ಇನ್ನೂ ಕೆಟ್ಟ ರೂಪ ವರ್ಗಗಳ ವ್ಯತ್ಯಾಸದಲ್ಲಿದೆ. ಎಕ್ಸ್ * ಎಕ್ಸ್ - ವೈ * ವೈ, ಎರಡೂ ಓಡುವ ಹೊತ್ತಿನಲ್ಲಿ ಬಂದ 0.1 ಎಂದುಕೊಳ್ಳಿ. ಉತ್ತರ 0 ಆಗಬೇಕು. ಎಫ್‌ಎಂಎ ಮೊದಲ ಗುಣಾಕಾರವನ್ನು ಒಳಗೆಳೆದುಕೊಂಡರೆ -8.33 × 10⁻¹⁹ ಬರುತ್ತದೆ, ಎರಡನೆಯದನ್ನು ಎಳೆದುಕೊಂಡರೆ +8.33 × 10⁻¹⁹. ಯಾವುದನ್ನು ಎಳೆಯುತ್ತದೆ ಎಂಬುದು ಕಂಪೈಲರ್‌ನ ಇಷ್ಟ. ಮೈನಸ್ ಬಂದದ್ದಕ್ಕೆ ವರ್ಗಮೂಲ ತೆಗೆದರೆ ನ್ಯಾನ್, ಅಂದರೆ “ಇದು ಸಂಖ್ಯೆಯಲ್ಲ” ಎಂಬ ಗುರುತು. ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆದು ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯುವ ಪಠ್ಯಪುಸ್ತಕದ ಸೂತ್ರ ಎಡವುವುದು ಇಲ್ಲೇ, ಅದೂ ಎಲ್ಲ ಓದಿಕೆಗಳೂ ಒಂದೇ ಆಗಿರುವಾಗ.

ಎಕ್ಸ್86ನಲ್ಲಿ ಎಫ್‌ಎಂಎ ತಾನಾಗಿ ಬರುವುದಿಲ್ಲ. -ಎಂಎಫ್‌ಎಂಎ ಅಥವಾ ಹೊಸ ಪ್ರೊಸೆಸರ್ ಮೇಲೆ -ಎಂಆರ್ಚ್=ನೇಟಿವ್‌ನಂಥ ಆಯ್ಕೆ ಕೊಟ್ಟಾಗ ಮಾತ್ರ ಬರುತ್ತದೆ. 64 ಬಿಟ್ ಆರ್ಮ್‌ನಲ್ಲಿ ಅದು ಮೂಲ ಸೂಚನೆಗಳಲ್ಲೇ ಸೇರಿದೆ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ 64 ಬಿಟ್ ರಾಸ್ಪ್‌ಬೆರಿ ಪೈ ಮೇಲೆ ಓಡಿಸುವ ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಉತ್ತರದ ಕೊನೆಯ ಅಂಕಿ ಬೇರೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಜಿಸಿಸಿ ತನ್ನ ಸಹಜ ಸ್ಥಿತಿಯಲ್ಲಿ ಬೇರೆ ಬೇರೆ ಸಾಲುಗಳಲ್ಲಿರುವ ಗುಣಾಕಾರ, ಸಂಕಲನಗಳನ್ನೂ ಬೆಸೆಯುತ್ತದೆ. -ಎಸ್‌ಟಿಡಿ=ಸಿ11 ಎಂದು ಕಟ್ಟುನಿಟ್ಟಿನ ಸಿ ಕೇಳಿದರೆ ಬೆಸೆಯುವುದಿಲ್ಲ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ 14ನೇ ಆವೃತ್ತಿಯಿಂದ ಒಂದೇ ಅಭಿವ್ಯಕ್ತಿಯೊಳಗೆ ಇರುವುದನ್ನು ಮಾತ್ರ ಬೆಸೆಯುತ್ತದೆ.

ಮೂರನೆಯದು -ಎಫ್‌ಫಾಸ್ಟ್-ಮ್ಯಾತ್. ಇದು ಒಂದು ಆಯ್ಕೆಯಲ್ಲ, ಒಂದು ಮೂಟೆ. -ಓಫಾಸ್ಟ್ ಎಂದು ಬರೆದರೂ ಈ ಮೂಟೆ ಒಳಗೆ ಬರುತ್ತದೆ. “-ಓ3ಗಿಂತ ವೇಗ” ಎಂದು ನಂಬಿ ಮೇಕ್‌ಫೈಲ್‌ಗೆ (ಕಂಪೈಲ್ ಆಜ್ಞೆಗಳನ್ನು ಬರೆದಿಡುವ ಕಡತ) ಸೇರಿಸಿದವರಿಗೆ ಒಳಗೆ ಏನಿದೆ ಎಂಬುದು ಗೊತ್ತಿರುವುದು ಕಡಿಮೆ. ಕ್ಲ್ಯಾಂಗ್ 19ನೇ ಆವೃತ್ತಿಯಲ್ಲಿ -ಓಫಾಸ್ಟ್ ಅನ್ನು ಬಳಸಬೇಡಿರೆಂಬ ಪಟ್ಟಿಗೆ ಸೇರಿಸಿದ್ದು ಒಳ್ಳೆಯದೇ ಆಯಿತು. ಬರೀ -ಓ2, -ಓ3 ಕೊಟ್ಟರೆ ಜಿಸಿಸಿ, ಕ್ಲ್ಯಾಂಗ್ ಎರಡೂ ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಿಸುವುದಿಲ್ಲ. ಇಂಟೆಲ್‌ನ ಕಂಪೈಲರ್ ಐಸಿಎಕ್ಸ್ ಮಾತ್ರ ಹಾಗಲ್ಲ, ಅದರ ಸಹಜ ಸ್ಥಿತಿಯೇ ಫಾಸ್ಟ್.

ಮೂಟೆ ಬಿಚ್ಚಿದರೆ ಮೊದಲು ಸಿಗುವುದು ಕೂಡುವ ಕ್ರಮ ಬದಲಿಸುವ ಅನುಮತಿ. ನಾಲ್ಕು ಜನ 0.7, 0.2, 0.1, 0.0 ಲೀಟರ್ ಹಾಕಿದ್ದಾರೆ. ಸಾಲಾಗಿ ಕೂಡಿ: 0.7 + 0.2 = 0.8999999999999999, ಅದಕ್ಕೆ 0.1 ಸೇರಿದರೆ 0.9999999999999999. ಫಾಸ್ಟ್-ಮ್ಯಾತ್ ಕೊಟ್ಟಾಗ ಕಂಪೈಲರ್ ಇದನ್ನು ಎರಡು ಸಾಲಾಗಿ ಒಡೆದು ಒಟ್ಟಿಗೆ ಕೂಡಬಹುದು: ಒಂದರಲ್ಲಿ 0.7 + 0.1 = 0.7999999999999999, ಇನ್ನೊಂದರಲ್ಲಿ 0.2 + 0.0 = 0.2, ಕೊನೆಗೆ ಎರಡನ್ನೂ ಕೂಡಿದರೆ ಸರಿಯಾಗಿ 1.0. ಈ ಸಲ ಫಾಸ್ಟ್-ಮ್ಯಾತ್‌ನ ಉತ್ತರವೇ ಚೆನ್ನಾಗಿದೆ, ಇನ್ನೊಂದು ಸಲ ಹಾಗಿರುವುದಿಲ್ಲ. “ಒಟ್ಟು 1.0 ಅಥವಾ ಹೆಚ್ಚಾದರೆ” ಎಂಬ ಷರತ್ತು ಒಂದು ಬಿಲ್ಡ್‌ನಲ್ಲಿ ನಿಜ, ಇನ್ನೊಂದರಲ್ಲಿ ಸುಳ್ಳು ಎಂಬುದೇ ತೊಂದರೆ.

ಇದೇ ಅನುಮತಿ ಕಹಾನ್ ಸಂಕಲನವನ್ನು ಪೂರ್ತಿ ಅಳಿಸಿಹಾಕುತ್ತದೆ. ಆ ವಿಧಾನದಲ್ಲಿ ಟಿ = ಮೊತ್ತ + ವೈ, ಆಮೇಲೆ ಸಿ = (ಟಿ - ಮೊತ್ತ) - ವೈ ಎಂದು ಕಳೆದುಹೋದ ಚೂರನ್ನು ಹಿಡಿದಿಡುತ್ತೇವೆ. ಶಾಲೆಯ ಬೀಜಗಣಿತದಂತೆ ನೋಡಿದರೆ ಸಿ ಯಾವಾಗಲೂ 0. ಕಂಪೈಲರ್‌ಗೆ ಬೀಜಗಣಿತ ಮಾಡಲು ಬಿಟ್ಟರೆ ಅದು ಸಿ ಅನ್ನೇ ತೆಗೆದುಹಾಕುತ್ತದೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಮೂಟೆಯಲ್ಲಿ ಎರಡನೆಯದು ಭಾಗಾಕಾರವನ್ನು ಗುಣಾಕಾರ ಮಾಡುವುದು. 7.0 / 10.0 ಎಂದರೆ 0.7. ಅದನ್ನೇ 7.0 * 0.1 ಎಂದು ಬದಲಿಸಿದರೆ 0.7000000000000001. ಮೇಲೆ ನೋಡಿದ 0.7ಕ್ಕಿಂತ ಒಂದು ಬಿಟ್ ಮೇಲಿನದು. ಸಮ ಚಿಹ್ನೆಯಿಂದ ಹೋಲಿಸುವ ಕೋಡ್ ಇದ್ದರೆ ಮುರಿಯುತ್ತದೆ.

ಮೂಟೆಯಲ್ಲಿ ಮೂರನೆಯದು ನ್ಯಾನ್ ಮತ್ತು ಅನಂತ ಬರುವುದೇ ಇಲ್ಲ ಎಂಬ ಭರವಸೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅದನ್ನು ಕಂಡು ಸೋಲಾರ್ ಫಲಕದ ಉಷ್ಣತೆ ದಾಖಲಿಸುವ ಸಣ್ಣ ಪ್ರಾಜೆಕ್ಟ್ ಮಾಡುವವರು ಆ ಭಾಗದಲ್ಲಿ ಇದ್ದೇ ಇರುತ್ತಾರೆ. ಸೆನ್ಸರ್ ತಂತಿ ಸಡಿಲವಾದರೆ ಹಲವು ಲೈಬ್ರರಿಗಳು ನ್ಯಾನ್ ಕೊಡುತ್ತವೆ. ನೀವು ಜವಾಬ್ದಾರಿಯಿಂದ ಈಸ್‌ನ್ಯಾನ್ ಕರೆದು ಪರೀಕ್ಷಿಸಿದ್ದೀರಿ. ಫಾಸ್ಟ್-ಮ್ಯಾತ್‌ನಲ್ಲಿ ಕಂಪೈಲರ್ ಆ ಕರೆಯನ್ನೇ “ಸುಳ್ಳು” ಎಂದು ಬದಲಿಸಿ ಷರತ್ತನ್ನು ಕಿತ್ತುಹಾಕುತ್ತದೆ. ಹೋಲಿಕೆಗಳೂ ಅಷ್ಟೆ. “ಉಷ್ಣತೆ 60ಕ್ಕಿಂತ ಹೆಚ್ಚು” ಎಂಬುದನ್ನು “60 ಅಥವಾ ಕಡಿಮೆ ಅಲ್ಲ” ಎಂದು ತಿರುಗಿಸಿದರೆ ನ್ಯಾನ್ ಬಂದಾಗ ಸುಳ್ಳು ಆಗಬೇಕಿದ್ದದ್ದು ನಿಜವಾಗುತ್ತದೆ.

ಕೊನೆಯದು ತೀರಾ ಸಣ್ಣ ಸಂಖ್ಯೆಗಳನ್ನು 0 ಮಾಡುವುದು. 2.225 × 10⁻³⁰⁸ಕ್ಕಿಂತ ಚಿಕ್ಕ ಸಂಖ್ಯೆಗಳನ್ನು ಸಬ್‌ನಾರ್ಮಲ್ ಎನ್ನುತ್ತಾರೆ. ಲಿಂಕ್ ಮಾಡುವಾಗ, ಅಂದರೆ ಕಂಪೈಲ್ ಆದ ಕಡತಗಳನ್ನು ಜೋಡಿಸುವಾಗ, ಫಾಸ್ಟ್-ಮ್ಯಾತ್ ಇದ್ದರೆ ಜಿಸಿಸಿ ಪ್ರೋಗ್ರಾಂ ಆರಂಭದಲ್ಲೇ ಪ್ರೊಸೆಸರ್‌ಗೆ ಇವನ್ನು 0 ಎಂದೇ ತಿಳಿ ಎಂದು ಹೇಳುವ ಕೋಡ್ ಸೇರಿಸುತ್ತದೆ. ಆಗ ಎಕ್ಸ್, ವೈ ಬೇರೆ ಬೇರೆ ಇದ್ದರೂ ಎಕ್ಸ್ - ವೈ 0 ಆಗಬಹುದು. “ಎರಡೂ ಸಮವಲ್ಲದಿದ್ದರೆ ಭಾಗಿಸು” ಎಂಬ ಕಾವಲು ಕೆಲಸಕ್ಕೆ ಬಾರದೆ ಹೋಗುತ್ತದೆ. ಜಿಸಿಸಿ 13ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಫಾಸ್ಟ್-ಮ್ಯಾತ್‌ನಿಂದ ಕಟ್ಟಿದ ಶೇರ್ಡ್ ಲೈಬ್ರರಿಯಲ್ಲೂ ಈ ಕೋಡ್ ಸೇರುತ್ತಿತ್ತು. ಅದನ್ನು ಲೋಡ್ ಮಾಡಿದ ಪೈಥಾನ್ ಪ್ರೋಗ್ರಾಮಿನ ಲೆಕ್ಕವೂ ಬದಲಾಗುತ್ತಿತ್ತು.

ಹಂತ 1: ಸರಿಯಾಗಿ ಅಚ್ಚು ಮಾಡಿ

ಎರಡು ದಶಮಾಂಶ ಸ್ಥಾನ ಅಚ್ಚು ಮಾಡಿ “0.70 ಸರಿಯಾಗಿದೆಯಲ್ಲ” ಎಂದರೆ ಏನೂ ಕಾಣುವುದಿಲ್ಲ. ಪ್ರಿಂಟ್‌ಎಫ್‌ನಲ್ಲಿ %.17ಜಿ ಬಳಸಿ. 17 ಅಂಕಿ ಇದ್ದರೆ ಬೇರೆ ಬೇರೆ ಡಬಲ್‌ಗಳು ಬೇರೆಯಾಗಿಯೇ ಕಾಣುತ್ತವೆ. ಅದಕ್ಕಿಂತ ಒಳ್ಳೆಯದು %ಎ. ಅದು ಬಿಟ್‌ಗಳನ್ನೇ ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ. 7.0 / 10.0 ಕೊಡುವುದು 0ಎಕ್ಸ್1.6666666666666ಪಿ-1. 7.0 * 0.1 ಕೊಡುವುದು 0ಎಕ್ಸ್1.6666666666667ಪಿ-1. ಕೊನೆಯ 6 ಇದ್ದಲ್ಲಿ 7. ವ್ಯತ್ಯಾಸ ಒಂದೇ ಬಿಟ್ ಎಂದು ಕಣ್ಣಿಗೇ ಕಾಣುತ್ತದೆ.

ಎಕ್ಸ್87 ಮೇಲೆ ಒಂದು ಎಚ್ಚರಿಕೆ. ಪ್ರಿಂಟ್‌ಎಫ್ ಸೇರಿಸಿದೊಡನೆ ಬಗ್ ಮಾಯವಾಗಬಹುದು, ಏಕೆಂದರೆ ಅಚ್ಚು ಮಾಡಲು ಮೌಲ್ಯ ಮೆಮೊರಿಗೆ ಹೋಗಲೇಬೇಕು, ಹೋದಾಗ ರೌಂಡ್ ಆಗುತ್ತದೆ. ಮೆಮೊರಿ ತಪ್ಪು ಹುಡುಕುವ ವ್ಯಾಲ್‌ಗ್ರೈಂಡ್ ಒಳಗೆ ಓಡಿಸಿದರೂ ಹಾಗೆಯೇ, ಅದು 80 ಬಿಟ್ ಲೆಕ್ಕವನ್ನು 64 ಬಿಟ್‌ನಲ್ಲೇ ಮಾಡುತ್ತದೆ. “ಪ್ರಿಂಟ್ ಹಾಕಿದರೆ ಸರಿ, ತೆಗೆದರೆ ತಪ್ಪು” ಎಂಬ ಲಕ್ಷಣ 32 ಬಿಟ್‌ನಲ್ಲಿ ಕಂಡರೆ ಅದನ್ನೇ ಸುಳಿವು ಎಂದು ಹಿಡಿಯಿರಿ.

ಹಂತ 2: ನಿಜವಾಗಿ ಹೋದ ಆಯ್ಕೆಗಳನ್ನು ನೋಡಿ

ನೀವು ಬರೆದದ್ದಲ್ಲ, ಕಂಪೈಲರ್‌ಗೆ ತಲುಪಿದ್ದು ಮುಖ್ಯ. ಮೇಕ್ ಬಳಸುವವರು ಮೇಕ್ -ಎನ್ ಕೊಟ್ಟು ಆಜ್ಞೆಗಳನ್ನು ಓದಿ. ಸಿಮೇಕ್ ಬಳಸುವವರು ಕಂಪೈಲ್ ಆಜ್ಞೆಗಳ ಜೇಸನ್ ಕಡತ ಬರೆಸಿ ನೋಡಿ. ಹುಡುಕಬೇಕಾದ ಪದಗಳು: ಓಫಾಸ್ಟ್, ಫಾಸ್ಟ್-ಮ್ಯಾತ್, ಅನ್‌ಸೇಫ್-ಮ್ಯಾತ್, ಎಂಆರ್ಚ್, ಎಫ್‌ಎಂಎ, ಎಫ್‌ಪಿ-ಕಾಂಟ್ರಾಕ್ಟ್, ಎಂ32. ಯಾರೋ ಬರೆದ ಲೈಬ್ರರಿಯ ಮೇಕ್‌ಫೈಲ್‌ನಲ್ಲೂ ಹುಡುಕಿ.

ಜಿಸಿಸಿ, ಕ್ಲ್ಯಾಂಗ್ ಎರಡೂ ಫಾಸ್ಟ್-ಮ್ಯಾತ್ ಇದ್ದಾಗ ಫಾಸ್ಟ್_ಮ್ಯಾತ್ ಎಂಬ ಮ್ಯಾಕ್ರೊವನ್ನು ಹಿಂದೆ ಮುಂದೆ ಎರಡೆರಡು ಅಡಿಗೆರೆ ಸೇರಿಸಿ, ದೊಡ್ಡಕ್ಷರಗಳಲ್ಲಿ ಘೋಷಿಸುತ್ತವೆ. ಹಣ, ಅಳತೆ ಲೆಕ್ಕ ಮಾಡುವ ಕಡತದ ತಲೆಯಲ್ಲೇ “ಈ ಮ್ಯಾಕ್ರೊ ಇದ್ದರೆ #ಎರರ್” ಎಂದು ಎರಡು ಸಾಲು ಬರೆದಿಡಿ. ಮುಂದೆ ಯಾರಾದರೂ ವೇಗಕ್ಕೆಂದು ಆಯ್ಕೆ ಸೇರಿಸಿದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ. ಎಕ್ಸ್87 ಅನುಮಾನವಿದ್ದರೆ ಫ್ಲೋಟ್.ಎಚ್ ಸೇರಿಸಿ ಎಫ್‌ಎಲ್‌ಟಿ_ಇವಾಲ್_ಮೆಥಡ್ ಮೌಲ್ಯ ಅಚ್ಚು ಮಾಡಿ. 0 ಬಂದರೆ ಡಬಲ್ ಲೆಕ್ಕ ಡಬಲ್‌ನಲ್ಲೇ ನಡೆಯುತ್ತಿದೆ, 2 ಬಂದರೆ 80 ಬಿಟ್‌ನಲ್ಲಿ.

ಹಂತ 3: ಒಂದೇ ಇನ್‌ಪುಟ್, ಐದು ಬಿಲ್ಡ್

ತಪ್ಪು ತೋರಿಸುವ ಇನ್‌ಪುಟ್ ಅನ್ನು ಕಡತದಲ್ಲಿ ಇಟ್ಟುಕೊಳ್ಳಿ. ಕೋಡ್‌ನಲ್ಲೇ 0.7 ಎಂದು ಬರೆಯಬೇಡಿ. ಬರೆದರೆ ಕಂಪೈಲರ್ ಲೆಕ್ಕವನ್ನು ತಾನೇ ಮುಂಚೆ ಮಾಡಿ ಉತ್ತರವನ್ನಷ್ಟೇ ಇಡಬಹುದು, ಆಗ ನೀವು ಪರೀಕ್ಷಿಸುತ್ತಿರುವುದು ಬೇರೇನನ್ನೋ ಆಗುತ್ತದೆ. ಈಗ ಹೀಗೆ ಕಟ್ಟಿ:

ಬಿಲ್ಡ್ ಒಂದು: -ಓ0
ಬಿಲ್ಡ್ ಎರಡು: ನಿಮ್ಮ ಮಾಮೂಲಿ ಆಯ್ಕೆಗಳು
ಬಿಲ್ಡ್ ಮೂರು: ಮಾಮೂಲಿ ಆಯ್ಕೆಗಳ ಕೊನೆಗೆ -ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್
ಬಿಲ್ಡ್ ನಾಲ್ಕು: ಕೊನೆಗೆ -ಎಫ್‌ನೋ-ಫಾಸ್ಟ್-ಮ್ಯಾತ್ (-ಓಫಾಸ್ಟ್ ಇದ್ದರೆ ಅದರ ಜಾಗದಲ್ಲಿ -ಓ3)
ಬಿಲ್ಡ್ ಐದು, 32 ಬಿಟ್ ಆದರೆ ಮಾತ್ರ: ಕೊನೆಗೆ -ಎಂಎಸ್‌ಎಸ್‌ಇ2 -ಎಂಎಫ್‌ಪಿಮ್ಯಾತ್=ಎಸ್‌ಎಸ್‌ಇ

ಮೂರರಲ್ಲಿ ಸರಿಹೋದರೆ ಎಫ್‌ಎಂಎ. ಐದರಲ್ಲಿ ಸರಿಹೋದರೆ ಎಕ್ಸ್87. ನಾಲ್ಕರಲ್ಲಿ ಸರಿಹೋದರೆ ಮೂಟೆಯಲ್ಲಿ ಯಾವುದು ಎಂದು ಹುಡುಕಬೇಕು: ಫಾಸ್ಟ್-ಮ್ಯಾತ್ ಇಟ್ಟುಕೊಂಡೇ ಅದರ ನಂತರ -ಎಫ್‌ನೋ-ಅಸೋಸಿಯೇಟಿವ್-ಮ್ಯಾತ್, -ಎಫ್‌ನೋ-ರೆಸಿಪ್ರೋಕಲ್-ಮ್ಯಾತ್, -ಎಫ್‌ನೋ-ಫೈನೈಟ್-ಮ್ಯಾತ್-ಓನ್ಲಿ ಇವನ್ನು ಒಂದೊಂದಾಗಿ ಸೇರಿಸಿ ಓಡಿಸಿ. ಬರೆಯುವ ಕ್ರಮ ಮುಖ್ಯ, ಕೊನೆಯಲ್ಲಿ ಬಂದದ್ದೇ ನಡೆಯುತ್ತದೆ.

-ಓ0 ಒಂದರಲ್ಲಿ ಮಾತ್ರ ಸರಿ, ಉಳಿದೆಲ್ಲದರಲ್ಲೂ ತಪ್ಪು ಎಂದಾದರೆ ದಶಮಾಂಶವನ್ನು ಬಿಟ್ಟು ಬೇರೆ ಕಡೆ ನೋಡಿ. ಆರಂಭದ ಮೌಲ್ಯ ಕೊಡದ ವೇರಿಯಬಲ್, ಅರೇ ಗಡಿ ದಾಟಿದ ಬರಹ, ಇಂಟ್‌ಗೆ ಹಿಡಿಸದಷ್ಟು ದೊಡ್ಡ ಡಬಲ್ ಅನ್ನು ಇಂಟ್ ಮಾಡುವುದು, ಇವೆಲ್ಲ ಇದೇ ಲಕ್ಷಣ ತೋರಿಸುತ್ತವೆ. -ವಾಲ್ ಜೊತೆಗೆ -ಎಫ್‌ಸ್ಯಾನಿಟೈಸ್=ಅಡ್ರೆಸ್,ಅನ್‌ಡಿಫೈನ್ಡ್,ಫ್ಲೋಟ್-ಕ್ಯಾಸ್ಟ್-ಓವರ್‌ಫ್ಲೋ ಕೊಟ್ಟು ಒಮ್ಮೆ ಓಡಿಸಿ. ಕೊನೆಯದನ್ನು ಹೆಸರು ಹೇಳಿಯೇ ಸೇರಿಸಬೇಕು, ಅನ್‌ಡಿಫೈನ್ಡ್ ಗುಂಪಿನಲ್ಲಿ ಅದು ತಾನಾಗಿ ಬರುವುದಿಲ್ಲ.

ನ್ಯಾನ್ ಎಲ್ಲಿ ಹುಟ್ಟಿತು ಎಂದು ತಿಳಿಯದಿದ್ದರೆ ಲಿನಕ್ಸ್‌ನಲ್ಲಿ ಮೇನ್‌ನ ಮೊದಲ ಸಾಲಿಗೆ ಫೆಎನೇಬಲ್‌ಎಕ್ಸೆಪ್ಟ್(ಎಫ್‌ಇ_ಇನ್‌ವ್ಯಾಲಿಡ್) ಹಾಕಿ ಜಿಡಿಬಿ ಎಂಬ ಡೀಬಗರ್‌ನೊಳಗೆ ಓಡಿಸಿ. ನ್ಯಾನ್ ಹುಟ್ಟಿದ ಸೂಚನೆಯ ಮೇಲೆಯೇ ಎಕ್ಸ್86 ಪ್ರೋಗ್ರಾಂ ನಿಲ್ಲುತ್ತದೆ.

ಹಂತ 4: ಕಡತ, ಆಮೇಲೆ ಫಂಕ್ಷನ್

ಸರಿಯಾದ ಬಿಲ್ಡ್‌ನ ಆಬ್ಜೆಕ್ಟ್ ಕಡತಗಳನ್ನು ಒಂದು ಫೋಲ್ಡರ್‌ನಲ್ಲಿ, ತಪ್ಪಿನದನ್ನು ಇನ್ನೊಂದರಲ್ಲಿ ಇಡಿ. ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ತೆಗೆದು ಲಿಂಕ್ ಮಾಡಿ ಓಡಿಸಿ. ತಪ್ಪು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. 64 ಕಡತಗಳಿದ್ದರೂ ಆರು ಸಲ ಲಿಂಕ್ ಮಾಡಿದರೆ ಒಂದು ಕಡತಕ್ಕೆ ಬಂದು ನಿಲ್ಲುತ್ತೀರಿ. ಲಿಂಕ್-ಟೈಮ್ ಆಪ್ಟಿಮೈಸೇಶನ್ ಹಾಕಿದ್ದರೆ ಮೊದಲು ತೆಗೆಯಿರಿ, ಅದಿದ್ದರೆ ಈ ವಿಂಗಡಣೆ ನಡೆಯುವುದಿಲ್ಲ.

ಕಡತ ಸಿಕ್ಕ ಮೇಲೆ ಆಬ್ಜ್‌ಡಂಪ್ -ಡಿ ಕೊಟ್ಟು ಅಸೆಂಬ್ಲಿ ನೋಡಿ. ಪೂರ್ತಿ ಓದಬೇಕಿಲ್ಲ, ಕೆಲವು ಹೆಸರುಗಳನ್ನು ಹುಡುಕಿದರೆ ಸಾಕು. ಎಫ್‌ಎಲ್‌ಡಿ, ಎಫ್‌ಎಸ್‌ಟಿಪಿ ಕಂಡರೆ ಎಕ್ಸ್87. ವಿಎಫ್‌ಮ್ಯಾಡ್, ವಿಎಫ್‌ಎಂಸಬ್ ಎಂದು ಶುರುವಾಗುವವು ಎಕ್ಸ್86ನ ಎಫ್‌ಎಂಎ, ಆರ್ಮ್‌ನಲ್ಲಿ ಎಫ್‌ಮ್ಯಾಡ್, ಎಫ್‌ಎನ್‌ಎಂಸಬ್. ನೀವು ಭಾಗಾಕಾರ ಬರೆದ ಕಡೆ ಡಿಐವಿಎಸ್‌ಡಿ ಇಲ್ಲದೆ ಎಂಯುಎಲ್‌ಎಸ್‌ಡಿ ಇದ್ದರೆ ಭಾಗಾಕಾರ ಗುಣಾಕಾರವಾಗಿದೆ. ಆದರೆ 8, 16ರಂಥ ಎರಡರ ಘಾತಗಳಿಂದ ಭಾಗಿಸುವಾಗ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ, ಉತ್ತರ ಒಂದೇ. ಮೊತ್ತದ ಲೂಪಿನಲ್ಲಿ ಎಡಿಡಿಎಸ್‌ಡಿ ಬದಲು ಎಡಿಡಿಪಿಡಿ ಇದ್ದರೆ ಕೂಡುವ ಕ್ರಮ ಬದಲಾಗಿದೆ ಎಂದು ಅನುಮಾನಿಸಿ.

ಹಂತ 5: ಸರಿಪಡಿಸುವುದು

ಮೊದಲು ಕೋಡ್, ಆಮೇಲೆ ಆಯ್ಕೆ. ಡೈರಿಯ ಉದಾಹರಣೆಯಲ್ಲಿ ನಿಜವಾದ ತಪ್ಪು ಕತ್ತರಿಸುವುದರಲ್ಲಿದೆ. (ಇಂಟ್)ಪಿ ಬದಲು ಎಲ್‌ರೌಂಡ್(ಲೀ * 10.0) ಎಂದು ಬರೆದರೆ 6.99999999999999955 ಬಂದರೂ 7, 7.0 ಬಂದರೂ 7. ಯಾವ ಕಂಪೈಲರ್, ಯಾವ ಯಂತ್ರವಾದರೂ ಸರಿ.

ಇನ್ನೂ ಗಟ್ಟಿಯಾದ ದಾರಿ, ಯಂತ್ರದಿಂದ ಬಂದ ಅಳತೆಯನ್ನು ಒಳಬಾಗಿಲಲ್ಲೇ ಪೂರ್ಣಾಂಕ ಮಾಡುವುದು. ಹಾಲನ್ನು ಮಿಲೀಟರ್‌ನಲ್ಲಿ, ಹಣವನ್ನು ಪೈಸೆಯಲ್ಲಿ, ಫ್ಯಾಟನ್ನು ಹತ್ತರಲ್ಲೊಂದು ಭಾಗದಲ್ಲಿ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಅನ್ನು ನೂರರಲ್ಲೊಂದು ಭಾಗದಲ್ಲಿ ಇಡಿ. ಎಸ್‌ಎನ್‌ಎಫ್ 8.5 ಇರಬೇಕು ಎಂಬ ಮಿತಿ ನಿಮ್ಮ ಪ್ರೋಗ್ರಾಮಿನಲ್ಲಿ ಇದ್ದರೆ ಹೋಲಿಕೆ 850ರ ಜೊತೆ ನಡೆಯಲಿ. ದರ ನಿರ್ಧರಿಸುವ, ಹಾಲು ವಾಪಸ್ ಕಳಿಸುವ ತೀರ್ಮಾನಗಳು ದಶಮಾಂಶದ ಕೊನೆಯ ಬಿಟ್ ಮೇಲೆ ನಿಲ್ಲಬಾರದು. ಬೆಳಗ್ಗೆ ಕತ್ತಲಲ್ಲೇ ಎದ್ದು ಹಾಲು ಕರೆದು ತಂದವರ ದುಡ್ಡು ಅದು.

ಸ್ಟ್ಯಾಂಡರ್ಡ್ ಡೀವಿಯೇಶನ್ ಬೇಕಾದರೆ ಮೊದಲು ಸರಾಸರಿ ತೆಗೆದು, ಆಮೇಲೆ ಪ್ರತಿ ಓದಿಕೆಯಿಂದ ಅದನ್ನು ಕಳೆದು ವರ್ಗ ಮಾಡಿ ಕೂಡಿ. ವರ್ಗಗಳನ್ನು ಕೂಡುವುದರಿಂದ ಮೊತ್ತ ಮೈನಸ್ ಆಗುವ ಪ್ರಶ್ನೆಯೇ ಇಲ್ಲ. ಓದಿಕೆಗಳನ್ನು ಕೂಡಿಟ್ಟುಕೊಳ್ಳಲು ಜಾಗವಿಲ್ಲದ ಸಣ್ಣ ಬೋರ್ಡ್‌ಗಳಲ್ಲಿ ವೆಲ್‌ಫೋರ್ಡ್ 1962ರಲ್ಲಿ ಕೊಟ್ಟ ವಿಧಾನ ಒಂದೇ ಸುತ್ತಿನಲ್ಲಿ ಅದೇ ಕೆಲಸ ಮಾಡುತ್ತದೆ.

ಕೋಡ್ ಬದಲಿಸಿದರೂ ಬಿಟ್‌ಗಳು ಎಲ್ಲ ಯಂತ್ರಗಳಲ್ಲೂ ಒಂದೇ ಬರಬೇಕೆಂದಿದ್ದರೆ ಆಯ್ಕೆಗಳಿಗೆ ಬನ್ನಿ. ಎಫ್‌ಎಂಎಗೆ -ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್. ಕೋಡ್‌ನಲ್ಲೇ ಎಫ್‌ಪಿ_ಕಾಂಟ್ರಾಕ್ಟ್ ಪ್ರಾಗ್ಮಾ ಬರೆಯುವುದು ಕ್ಲ್ಯಾಂಗ್‌ನಲ್ಲಿ ನಡೆಯುತ್ತದೆ, ಜಿಸಿಸಿ ಅದನ್ನು ಲೆಕ್ಕಿಸದೇ ಹೋಗಬಹುದು, ಹಾಗಾಗಿ ಆಯ್ಕೆಯನ್ನೇ ನಂಬಿ. ಗೋ ಭಾಷೆಯವರು ಗುಣಲಬ್ಧವನ್ನು ಫ್ಲೋಟ್64( ) ಒಳಗೆ ಹಾಕಿದರೆ ಬೆಸುಗೆ ನಿಲ್ಲುತ್ತದೆ. ಜಾವಾದವರಿಗೆ 17ನೇ ಆವೃತ್ತಿಯಿಂದ ಲೆಕ್ಕ ಯಾವಾಗಲೂ ಕಟ್ಟುನಿಟ್ಟು.

ಎಕ್ಸ್87ಗೆ ಎಸ್‌ಎಸ್‌ಇ2 ಆಯ್ಕೆಯೇ ಮೇಲು. ಆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ2 ಇಲ್ಲದಿದ್ದರೆ -ಎಫ್‌ಎಕ್ಸೆಸ್-ಪ್ರಿಸಿಷನ್=ಸ್ಟ್ಯಾಂಡರ್ಡ್ ಅಥವಾ -ಎಫ್‌ಫ್ಲೋಟ್-ಸ್ಟೋರ್ ಉಳಿಯುತ್ತದೆ. ಇವೆರಡಕ್ಕೂ ಒಂದು ಮಿತಿಯಿದೆ. ಪಿ ಎಂಬ ವೇರಿಯಬಲ್‌ಗೆ ಬರೆದಾಗ ರೌಂಡ್ ಮಾಡುತ್ತವೆ, ಆದರೆ (ಇಂಟ್)(ಲೀ * 10.0) ಎಂದು ಒಂದೇ ಸಾಲಿನಲ್ಲಿ ಬರೆದರೆ ನಡುವಿನ ಮೌಲ್ಯ 80 ಬಿಟ್‌ನಲ್ಲೇ ಇದ್ದು 6 ಬರುತ್ತದೆ.

ಫಾಸ್ಟ್-ಮ್ಯಾತ್ ಬೇಕೇ ಬೇಕು ಎನ್ನುವ ಚಿತ್ರ ಸಂಸ್ಕರಣೆ, ಧ್ವನಿಯ ಕೆಲಸಗಳಿವೆ. ಅಲ್ಲಿ ಆ ಕಡತಗಳಿಗೆ ಮಾತ್ರ ಕೊಡಿ, ಪ್ರಾಜೆಕ್ಟಿಗೆಲ್ಲ ಬೇಡ. ಕಹಾನ್ ಸಂಕಲನದಂಥವನ್ನು ಬೇರೆ ಕಡತದಲ್ಲಿಟ್ಟು ಮಾಮೂಲಿ -ಓ2ನಲ್ಲಿ ಕಟ್ಟಿ. ಫಂಕ್ಷನ್ ತಲೆಗೆ ಆಪ್ಟಿಮೈಜ್ ಆಟ್ರಿಬ್ಯೂಟ್ ಅಂಟಿಸುವ ದಾರಿ ನೆಚ್ಚಿಕೊಳ್ಳುವಂಥದ್ದಲ್ಲ. ನ್ಯಾನ್ ಪರೀಕ್ಷೆ ಆ ಕಡತದಲ್ಲೇ ಬೇಕಿದ್ದರೆ ಡಬಲ್‌ನ 8 ಬೈಟ್‌ಗಳನ್ನು ಮೆಮ್‌ಕಾಪಿಯಿಂದ 64 ಬಿಟ್ ಪೂರ್ಣಾಂಕಕ್ಕೆ ನಕಲು ಮಾಡಿ, ಚಿಹ್ನೆಯ ಬಿಟ್ ಅಳಿಸಿ, ಉಳಿದದ್ದು 0ಎಕ್ಸ್7ಎಫ್‌ಎಫ್ ಮುಂದೆ 13 ಸೊನ್ನೆ ಇರುವ ಸಂಖ್ಯೆಗಿಂತ ದೊಡ್ಡದೇ ಎಂದು ನೋಡಿ. ದೊಡ್ಡದಾದರೆ ನ್ಯಾನ್. ಪೂರ್ಣಾಂಕದ ಹೋಲಿಕೆಯನ್ನು ಫಾಸ್ಟ್-ಮ್ಯಾತ್ ಮುಟ್ಟುವುದಿಲ್ಲ.

ಹಂತ 6: ಮತ್ತೆ ಬಾರದಂತೆ ಪರೀಕ್ಷೆ

ಎರಡು ಡಬಲ್‌ಗಳನ್ನು ಹೋಲಿಸುವಾಗ ವ್ಯತ್ಯಾಸ ಡಿಬಿಎಲ್_ಎಪ್ಸಿಲಾನ್‌ಗಿಂತ ಕಡಿಮೆಯೇ ಎಂದು ನೋಡುವ ಅಭ್ಯಾಸ ಬಹಳ ಜನಕ್ಕಿದೆ. ಅದರ ಮೌಲ್ಯ 2.22 × 10⁻¹⁶, ಅದು 1ರ ಪಕ್ಕದ ಅಂತರ. ದಿನದ ಒಟ್ಟು ಹಾಲು 5,000 ಲೀಟರ್ ಆದರೆ ಅಲ್ಲಿ ಡಬಲ್‌ಗಳ ನಡುವಿನ ಅಂತರವೇ 9.09 × 10⁻¹³. ಎಪ್ಸಿಲಾನ್ ಇಟ್ಟು ಹೋಲಿಸಿದರೆ ಅದು ಸಮ ಚಿಹ್ನೆಯಿಂದ ಹೋಲಿಸಿದಂತೆಯೇ ಆಯಿತು. ಮೌಲ್ಯದ ಗಾತ್ರಕ್ಕೆ ತಕ್ಕಂತೆ ಮಿತಿ ಹಿಗ್ಗಬೇಕು: ವ್ಯತ್ಯಾಸವನ್ನು ದೊಡ್ಡ ಮೌಲ್ಯದಿಂದ ಭಾಗಿಸಿ 10⁻¹²ಕ್ಕಿಂತ ಕಡಿಮೆಯೇ ಎಂದು ನೋಡಿ, 0ಯ ಹತ್ತಿರ ಮಾತ್ರ ಬೇರೆ ಸಣ್ಣ ಮಿತಿ ಇಡಿ.

ಪರೀಕ್ಷೆಯ ಇನ್‌ಪುಟ್‌ಗಳಲ್ಲಿ 0.7 ಇರಲಿ. 0.7, 0.2, 0.1, 0.0ರ ಮೊತ್ತ ಇರಲಿ, ಎಲ್ಲವೂ 0.1 ಆಗಿರುವ ಓದಿಕೆಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ಇರಲಿ, ಒಂದು ನ್ಯಾನ್ ಇರಲಿ. ಇವನ್ನು 64 ಬಿಟ್ ಎಕ್ಸ್86, 64 ಬಿಟ್ ಆರ್ಮ್ ಎರಡರ ಮೇಲೂ, -ಓ0 ಮತ್ತು -ಓ2 ಎರಡರಲ್ಲೂ ಓಡಿಸಿ. ಹಳೇ ಆರ್ಡುಯಿನೊ ಉನೊ (ಆರ್3ರ ವರೆಗಿನ ಸಣ್ಣ ಬೋರ್ಡ್) ಮೇಲೆ ಓಡಿಸುವವರು ಅಲ್ಲಿನ ಡಬಲ್ 32 ಬಿಟ್‌ನದು ಎಂಬುದನ್ನು ಮರೆಯಬಾರದು. ಅಲ್ಲಿ ಅಂಕಿಗಳು ಏಳರ ಸುಮಾರಿಗೆ ನಿಂತುಹೋಗುತ್ತವೆ, ಈ ಲೇಖನದ ಮೌಲ್ಯಗಳು ಹೊಂದುವುದಿಲ್ಲ.

ಆಯ್ಕೆ ಬದಲಿಸಿದ ಮೇಲೆ ಮೇಕ್ ಕ್ಲೀನ್ ಮಾಡಿಯೇ ಮತ್ತೆ ಕಟ್ಟಿ. ಮೇಕ್‌ಫೈಲ್‌ನಲ್ಲಿ ಆಯ್ಕೆ ತೆಗೆದರೂ ಹಳೇ ಆಬ್ಜೆಕ್ಟ್ ಕಡತಗಳು ಹಾಗೇ ಉಳಿದು, ಸರಿಪಡಿಸಿದ್ದೇನೆಂದುಕೊಂಡ ತಪ್ಪು ಮತ್ತೆ ಕಾಣಿಸುತ್ತದೆ. ಲಿಂಕ್ ಮಾಡುವ ಸಾಲನ್ನೂ ನೋಡಿ. ಎಲ್ಲ ಕಡತಗಳಿಂದ ಫಾಸ್ಟ್-ಮ್ಯಾತ್ ತೆಗೆದು ಲಿಂಕ್ ಸಾಲಿನಲ್ಲಿ ಒಂದು ಉಳಿದಿದ್ದರೂ, ಸಬ್‌ನಾರ್ಮಲ್ ಸಂಖ್ಯೆಗಳನ್ನು 0 ಮಾಡುವ ಆರಂಭದ ಕೋಡ್ ಒಳಗೆ ಸೇರುತ್ತದೆ.